ಆಲ್ಝೈಮರ್ ಪತ್ತೆಗೆ ಮಿದುಳಿನ ಸ್ಕ್ಯಾನ್: ಚಿತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೂ, ಇಟ್ಟ ವಸ್ತು ಸಿಗದೆ ಸೊಸೆಯ ಮೇಲೆ ಅನುಮಾನಪಟ್ಟರೂ ಅದನ್ನು ಕಾಯಿಲೆಯೆಂದು ಯಾರೂ ಎಣಿಸುವುದಿಲ್ಲ. ಪಾಂಡವಪುರದ ಬಳಿಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ವಿಷಯದಲ್ಲೂ ಹಾಗೆಯೇ ಆಯಿತು. ಉಪ್ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ನಕ್ಕು ಸುಮ್ಮನಾದೆವು. ನಲವತ್ತು ವರ್ಷ ಓಡಾಡಿದ ಗದ್ದೆಯ ಬದುವಿನ ಮೇಲೆ ನಿಂತು, ಮನೆ ಯಾವ ಕಡೆಗೆಂದು ಅವರು ಪಕ್ಕದ ಗದ್ದೆಯವರನ್ನು ಕೇಳಿದ ದಿನ ಮಾತ್ರ ನಗು ಬರಲಿಲ್ಲ. ಮಂಡ್ಯದಲ್ಲಿ ಒಂದು ಸಿ.ಟಿ. ಸ್ಕ್ಯಾನ್, ಆಮೇಲೆ ಮೈಸೂರಿನಲ್ಲಿ ಒಂದು ಎಂಆರ್‌ಐ ಆಯಿತು. ಕಂದು ಬಣ್ಣದ ದೊಡ್ಡ ಕವರಿನಲ್ಲಿ ಬಂದ ಫಿಲ್ಮುಗಳ ಜೊತೆಗಿದ್ದ ವರದಿಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿದ್ದವು: ಮಿದುಳು ಒಟ್ಟಾರೆಯಾಗಿ ವಯಸ್ಸಿಗೆ ತಕ್ಕಷ್ಟು ಕುಗ್ಗಿದೆ, ಟೆಂಪೊರಲ್ ಹಾಲೆಯ ಒಳಭಾಗ ಎರಡೂ ಬದಿಯಲ್ಲಿ ಎರಡನೆಯ ದರ್ಜೆಯಷ್ಟು ಸವೆದಿದೆ, ಅಲ್ಲಲ್ಲಿ ಬಿಳಿ ಚುಕ್ಕೆಗಳಿವೆ. ಆಲ್ಝೈಮರ್ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮನೆಯಲ್ಲಿ ಅರ್ಧ ಜನ ಸಮಾಧಾನಪಟ್ಟರು, ಅರ್ಧ ಜನ ಗಾಬರಿಯಾದರು. ಇಬ್ಬರೂ ಓದಿದ್ದು ಅದೇ ಒಂದು ಹಾಳೆಯನ್ನು.

ಆ ಹಾಳೆಯನ್ನು ಸರಿಯಾಗಿ ಓದಬೇಕಾದರೆ ಈ ಕಾಯಿಲೆ ಮೊದಲು ಎಲ್ಲಿ ಕಣ್ಣಿಗೆ ಬಿತ್ತು ಎಂಬುದನ್ನು ತಿಳಿಯಬೇಕು. ಜರ್ಮನಿಯ ಮನೋವೈದ್ಯ ಅಲೋಯಿಸ್ ಆಲ್ಝೈಮರ್ ಅವರು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಕಂಡರು. ಆಕೆಗೆ ಮರೆವು, ಗೊಂದಲ, ಗಂಡನ ಮೇಲೆ ಅನುಮಾನ ಎಲ್ಲವೂ ಇದ್ದವು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ತರಿಸಿಕೊಂಡು, ತೆಳುವಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಎರಡು ಬಗೆಯ ಕುರುಹುಗಳು ಕಾಣಿಸಿದವು: ನರಕೋಶಗಳ ಹೊರಗೆ ಗರಣೆಗಟ್ಟಿದ ಜಡ್ಡು, ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳು. ಜಡ್ಡು ಅಮಿಲಾಯ್ಡ್ ಎಂಬ ಪ್ರೋಟೀನಿನದು, ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಅವರ ಹೆಸರನ್ನೇ ಇಟ್ಟರು.

ಹೀಗೆ, ಈ ಕಾಯಿಲೆಯ ಗುರುತು ಸತ್ತವರ ಮಿದುಳಿನಲ್ಲಿ, ಅದೂ ಸೂಕ್ಷ್ಮದರ್ಶಕದ ಅಡಿಯಲ್ಲಿ ಸಿಕ್ಕಿತು. ಬದುಕಿರುವ ಮನುಷ್ಯನ ತಲೆಬುರುಡೆಯೊಳಗೆ ಆ ಜಡ್ಡನ್ನೂ ಸಿಕ್ಕನ್ನೂ ನೋಡುವುದು ಮುಂದಿನ ಸುಮಾರು ನೂರು ವರ್ಷ ಸಾಧ್ಯವಾಗಲಿಲ್ಲ. ಆ ಅವಧಿಯಲ್ಲಿ ಬಂದ ಸ್ಕ್ಯಾನುಗಳು ಕಾಯಿಲೆಯನ್ನಲ್ಲ, ಕಾಯಿಲೆಯ ಪರಿಣಾಮವನ್ನು ನೋಡಿದವು. ಗೆದ್ದಲನ್ನು ಕಾಣದವನು ತೊಲೆ ಎಷ್ಟು ಟೊಳ್ಳಾಗಿದೆ ಎಂದು ಬಡಿದು ನೋಡುವಂತೆ. ಇಂದಿಗೂ ಮಂಡ್ಯ, ಮೈಸೂರಿನ ಆಸ್ಪತ್ರೆಗಳಲ್ಲಿ ಮರೆವಿನ ರೋಗಿಗೆ ಸಾಮಾನ್ಯವಾಗಿ ಮಾಡುವ ಸ್ಕ್ಯಾನುಗಳು ಇಂಥ ಬಡಿದು ನೋಡುವ ಬಗೆಯವೇ.

ಸಿ.ಟಿ. ಸ್ಕ್ಯಾನ್ ಎಕ್ಸ್‌ರೇಯ ಮಗ. ಸುತ್ತಲೂ ತಿರುಗುವ ಎಕ್ಸ್‌ರೇ ಕಿರಣಗಳ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟು ಅಡ್ಡಕೊಯ್ತದ ಚಿತ್ರ ಪಡೆಯುವ ಈ ವಿಧಾನದಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದಕ್ಕಾಗಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ 1979ರ ನೊಬೆಲ್ ಬಂತು. ಕೆಲವೇ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಆಲ್ಝೈಮರನ್ನು ಹುಡುಕುವುದಕ್ಕಿಂತ ಅದರ ವೇಷದಲ್ಲಿ ಬಂದಿರಬಹುದಾದ ಬೇರೆ ತೊಂದರೆಗಳನ್ನು ಹೊರಗಟ್ಟಲು ಹೆಚ್ಚು ಉಪಯುಕ್ತ. ಬಚ್ಚಲಿನಲ್ಲಿ ಜಾರಿ ಬಿದ್ದ ವೃದ್ಧರಲ್ಲಿ ಬುರುಡೆಯ ಕೆಳಗೆ ನಿಧಾನವಾಗಿ ರಕ್ತ ಸಂಗ್ರಹವಾಗಿ, ವಾರಗಳ ನಂತರ ಮಂಕುತನ ಬರುವುದುಂಟು. ಮಿದುಳಿನ ಕುಹರಗಳಲ್ಲಿ ದ್ರವ ತುಂಬಿ ನಡಿಗೆ ಎಳೆದಂತಾಗಿ, ಮೂತ್ರದ ಹಿಡಿತ ತಪ್ಪಿ, ಅದರ ಜೊತೆಗೇ ನೆನಪು ಮಸುಕಾಗುವುದುಂಟು. ಗಡ್ಡೆಯೂ ಇರಬಹುದು. ಇವುಗಳಲ್ಲಿ ಹಲವಕ್ಕೆ ಶಸ್ತ್ರಚಿಕಿತ್ಸೆಯಿಂದ ಪರಿಹಾರವಿದೆ. ಆದ್ದರಿಂದ ‘ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ’ ಎಂದು ಮನೆಯವರು ಬೇಸರದಿಂದ ಹೇಳುವ ಮಾತಿನಲ್ಲಿ ಒಂದು ದೊಡ್ಡ ಸಮಾಚಾರ ಅಡಗಿರುತ್ತದೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಮುಂತಾದವು ಮಾತ್ರ ಯಾವ ಫಿಲ್ಮಿನಲ್ಲೂ ನೇರವಾಗಿ ಸಿಕ್ಕಿಬೀಳುವಂಥವಲ್ಲ. ಅವುಗಳಿಗೆ ರಕ್ತಪರೀಕ್ಷೆಯೂ ಎದುರು ಕೂತು ಆಡುವ ಮಾತೂ ಬೇಕು.

ಎಂಆರ್‌ಐ ಬೇರೆಯೇ ಜಾತಿಯ ಯಂತ್ರ. ಅದರಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣದ ಭಯವಿಲ್ಲ. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಗಳು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಒಂದೂವರೆ ಅಥವಾ ಮೂರು ಟೆಸ್ಲಾ ಬಲದ, ಅಂದರೆ ಭೂಮಿಯ ಕಾಂತಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಬಲವಾದ ಕಾಂತದೊಳಗೆ ಮಲಗಿದಾಗ ಅವು ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೋ ತರಂಗವೊಂದನ್ನು ಹಾಯಿಸಿದರೆ ಆ ದಿಕ್ಕು ಕದಡುತ್ತದೆ. ತರಂಗ ನಿಂತ ಮೇಲೆ ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತ ಸಣ್ಣ ಸಂಕೇತಗಳನ್ನು ಹೊರಡಿಸುತ್ತವೆ. ಮರಳಲು ತಗಲುವ ಕಾಲ ಮಿದುಳಿನ ಬೂದು ಭಾಗದಲ್ಲಿ ಒಂದು, ಬಿಳಿ ಭಾಗದಲ್ಲಿ ಇನ್ನೊಂದು, ದ್ರವದಲ್ಲಿ ಮತ್ತೊಂದು. ಈ ಕಾಲವ್ಯತ್ಯಾಸವೇ ಚಿತ್ರದಲ್ಲಿ ಕಪ್ಪು ಬಿಳುಪಿನ ವ್ಯತ್ಯಾಸವಾಗುತ್ತದೆ.

ನಮ್ಮ ಅತ್ತೆಗೆ ಇದ್ಯಾವುದಕ್ಕಿಂತ ದೊಡ್ಡ ಚಿಂತೆ ತಾಳಿಸರದ್ದು. ಚಿನ್ನ ಕಾಂತಕ್ಕೆ ಅಂಟುವುದಿಲ್ಲವೆಂಬುದು ನಿಜವೇ, ಆದರೆ ನಮ್ಮ ಕಡೆಯ ಹೆಂಗಸರ ತಾಳಿಸರದಲ್ಲಿ ಯಾವಾಗಲೂ ಎರಡು ಮೂರು ಪಿನ್ನುಗಳು ತೂಗುತ್ತಿರುತ್ತವೆ, ಅವು ಕಬ್ಬಿಣ. ಕೊನೆಗೆ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿ, ಬಳೆ, ಕಾಲುಂಗುರ, ಹೇರ್‌ಪಿನ್ ಎಲ್ಲ ತೆಗೆಸಿ ಒಳಗೆ ಕಳಿಸಿದರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಮೊದಲೇ ಹೇಳಲೇಬೇಕು. ಅರ್ಧ ಗಂಟೆಯಷ್ಟು ಹೊತ್ತು ಆ ಸದ್ದಿನ ನಡುವೆ ಅಲುಗಾಡದೆ ಮಲಗಿರುವುದು ಮರೆವಿನ ರೋಗಿಗೆ ಸುಲಭವಲ್ಲ. ತಾನು ಎಲ್ಲಿದ್ದೇನೆ ಎಂಬುದೇ ನಡುವೆ ಮರೆತುಹೋಗುತ್ತದೆ, ತಲೆ ಎತ್ತುತ್ತಾರೆ, ಚಿತ್ರ ಕದಡುತ್ತದೆ. ಮಾವ ಪಕ್ಕದಲ್ಲಿ ನಿಂತು ಪಾದ ಹಿಡಿದುಕೊಂಡಿದ್ದರಿಂದ ನಮ್ಮ ಕೆಲಸ ಒಂದೇ ಸಲಕ್ಕೆ ಆಯಿತು.

ಹಾಗೆ ಪಡೆದ ಚಿತ್ರದಲ್ಲಿ ತಜ್ಞರ ಕಣ್ಣು ಮೊದಲು ಹೋಗುವುದು ಕಿವಿಯ ಮಟ್ಟದಲ್ಲಿ, ಟೆಂಪೊರಲ್ ಹಾಲೆಯ ಒಳಮೈಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಕಡೆಗೆ. ಕಡಲಕುದುರೆಯ ಆಕಾರದ್ದೆಂದು ಗ್ರೀಕ್ ಮೂಲದ ಆ ಹೆಸರು ಬಂದಿದೆ. ಇಂದು ಬೆಳಿಗ್ಗೆ ನಡೆದದ್ದನ್ನು ಸಂಜೆಯವರೆಗೆ ಉಳಿಸಿಕೊಳ್ಳಬೇಕಾದರೆ ಅದು ಈ ಬಾಗಿಲಿನ ಮೂಲಕ ಹಾದುಹೋಗಬೇಕು. ಟೌ ಪ್ರೋಟೀನಿನ ಸಿಕ್ಕುಗಳು ಈ ಬಾಗಿಲಿನ ಅಕ್ಕಪಕ್ಕದಲ್ಲೇ ಮೊದಲು ಕಾಣಿಸಿಕೊಂಡು, ನಂತರ ಮಿದುಳಿನ ಹೊರಪದರಕ್ಕೆ ಹರಡುತ್ತವೆಂದು ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ದಂಪತಿಗಳು 1991ರಲ್ಲಿ ತೋರಿಸಿದರು. ಮೊನ್ನೆಯ ಮದುವೆ ಮರೆತರೂ ಐವತ್ತು ವರ್ಷದ ಹಿಂದಿನ ತಮ್ಮ ಮದುವೆಯ ಅಡುಗೆಯ ಪಟ್ಟಿಯನ್ನು ಅತ್ತೆ ತಪ್ಪಿಲ್ಲದೆ ಹೇಳುವುದಕ್ಕೆ ಇದು ಒಂದು ಕಾರಣ: ಹೊಸ ನೆನಪು ಒಳಹೋಗುವ ಬಾಗಿಲು ಕೆಟ್ಟಿದೆ, ಎಂದೋ ಒಳಗೆ ಹೋಗಿ ಕೂತ ನೆನಪುಗಳು ಇನ್ನೂ ಅಲ್ಲಿವೆ.

ಹಿಪೊಕ್ಯಾಂಪಸ್ ಎಷ್ಟು ಸವೆದಿದೆ ಎಂಬುದನ್ನು ಕಣ್ಣಳತೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆಯಾಗಿ ಬರೆಯುವ ಪದ್ಧತಿಯನ್ನು ನೆದರ್ಲೆಂಡ್ಸಿನ ಫಿಲಿಪ್ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ಜಾರಿಗೆ ತಂದರು. ಹಿಪೊಕ್ಯಾಂಪಸ್ಸಿನ ಎತ್ತರ ಕುಸಿದಂತೆ ಅದರ ಪಕ್ಕದ ಸೀಳು ಮತ್ತು ಕುಹರದ ಕೊಂಬು ಅಗಲವಾಗುತ್ತವೆ. ಒಣಗಿದ ಕಾಯಿಯ ತಿರುಳು ಸಿಪ್ಪೆಯಿಂದ ಬಿಟ್ಟುಕೊಂಡ ಹಾಗೆ. ಅತ್ತೆಯ ವರದಿಯಲ್ಲಿದ್ದ ಎರಡನೆಯ ದರ್ಜೆ ಎಂದರೆ ಇದೇ. ಈಗ ತೊಡಕಿನ ಮಾತು ಬರುತ್ತದೆ. ಸಾಮಾನ್ಯವಾಗಿ ಬಳಸುವ ಅಳತೆಗೋಲಿನ ಪ್ರಕಾರ 75ಕ್ಕಿಂತ ಕೆಳಗಿನವರಲ್ಲಿ ಎರಡನೆಯ ದರ್ಜೆ ಅಸಹಜ. 75 ದಾಟಿದವರಲ್ಲಿ ಅದೇ ದರ್ಜೆ ವಯೋಸಹಜವೆನಿಸಿಕೊಳ್ಳಬಹುದು. ಅತ್ತೆಯ ಆಧಾರ್ ಕಾರ್ಡಿನಲ್ಲಿ ವಯಸ್ಸು 74, ಹುಟ್ಟಿದ ದಿನ ಜನವರಿ 1. ಅವರ ವಾರಿಗೆಯ ನಮ್ಮೂರಿನವರ ಪೈಕಿ ಬಹಳ ಮಂದಿ ಜನವರಿ 1ರಂದೇ ಹುಟ್ಟಿದ್ದಾರೆ! ‘ಕಟ್ಟೆ ಒಡೆದ ವರ್ಷ ನಾನು ಕೈಗೂಸು’ ಎಂಬುದಷ್ಟೇ ಅವರಿಗೆ ತಿಳಿದಿರುವ ಜನ್ಮದಾಖಲೆ. ಅವರಿಗೆ ನಿಜವಾಗಿ 77 ಆಗಿದ್ದರೆ ಅದೇ ಚಿತ್ರದ ಅರ್ಥ ಬದಲಾಗುತ್ತದೆ. ಒಂದು ಅಂಕಿಯ ಮೇಲೆ ರೋಗನಿರ್ಣಯವನ್ನು ನಿಲ್ಲಿಸಬಾರದೆಂದು ವೈದ್ಯರು ಏಕೆ ಹೇಳುತ್ತಾರೆ ಎಂಬುದು ನನಗೆ ಮನದಟ್ಟಾದದ್ದು ಈ ಜನವರಿ 1ರಿಂದ.

ದರ್ಜೆಯ ಬದಲು ಗಾತ್ರವನ್ನೇ ಅಳೆಯುವ ತಂತ್ರಾಂಶಗಳೂ ಈಗ ಇವೆ. ಅಲ್ಲಿಯೂ ಯಾರ ಮಿದುಳಿನೊಂದಿಗೆ ಹೋಲಿಸಬೇಕು ಎಂಬ ಪ್ರಶ್ನೆಯಿದೆ. ಹೋಲಿಕೆಗೆ ಬಳಸುವ ಮಾದರಿಗಳು ಬಹುಕಾಲ ಯುರೋಪು, ಅಮೆರಿಕದವರ ಮಿದುಳುಗಳಿಂದ ತಯಾರಾದವು. ಭಾರತೀಯರ ಮಿದುಳಿನ ಸರಾಸರಿ ಉದ್ದ, ಅಗಲ, ಎತ್ತರಗಳು ಅವಕ್ಕಿಂತ ಕಡಿಮೆ. ಹೈದರಾಬಾದಿನ ಐಐಐಟಿಯ ಸಂಶೋಧಕರು 2019ರಲ್ಲಿ 100 ಭಾರತೀಯರ ಎಂಆರ್‌ಐಗಳಿಂದ ಒಂದು ಮಿದುಳು ನಕ್ಷೆಯನ್ನು ರೂಪಿಸಿದರು. ಆದರೆ ಅದು ಯುವಜನರದು. ವಯಸ್ಸಾದವರ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ನಡೆಯುತ್ತಿರುವ ಮಹತ್ವದ ಕೆಲಸವೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕೈಗೊಂಡಿರುವ ಅಧ್ಯಯನ. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಅದರ ಗುರಿ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆಗಳ ಜೊತೆಗೆ ಮಿದುಳಿನ ಎಂಆರ್‌ಐಯೂ ಅದರಲ್ಲಿ ಸೇರಿದೆ.

ಇನ್ನು ಬಿಳಿ ಚುಕ್ಕೆಗಳು. ಫ್ಲೇರ್ ಎಂಬ ವಿಧದ ಎಂಆರ್‌ಐ ಚಿತ್ರದಲ್ಲಿ ಕಾಣುವ ಇವು ಬಹುಪಾಲು ಮಿದುಳಿನ ಸಣ್ಣ ರಕ್ತನಾಳಗಳು ಹಾಳಾದುದರ ಗುರುತುಗಳು, ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಅವುಗಳ ಬೆನ್ನಿಗಿರುತ್ತವೆ. ಮಂಡ್ಯವನ್ನು ಸಕ್ಕರೆಯ ನಾಡು ಎಂದು ಕರೆಯುವಾಗ ಈ ಅರ್ಥ ಯಾರ ಮನಸ್ಸಿನಲ್ಲೂ ಇರಲಿಲ್ಲ, ಆದರೆ ಅತ್ತೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ಒಬ್ಬರೇ ವೃದ್ಧರಲ್ಲಿ ಆಲ್ಝೈಮರ್ ಮತ್ತು ರಕ್ತನಾಳಗಳ ತೊಂದರೆ ಒಟ್ಟಿಗೇ ಇರುವುದು ಬಹಳ ಸಾಮಾನ್ಯ. ಚುಕ್ಕೆಗಳು ಕಂಡಾಗ ಕನಿಷ್ಠ ಆ ಭಾಗದ ಬಗ್ಗೆ ಏನಾದರೂ ಮಾಡಬಹುದು ಎಂಬುದು ನನಗೆ ವರದಿಯ ಮೂರು ಸಾಲುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಸಾಲೆಂದು ತೋರುತ್ತದೆ. ಮನೆಯಲ್ಲಿ ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಹಿಪೊಕ್ಯಾಂಪಸ್ ಸವೆಯುವುದು ಆಲ್ಝೈಮರಿನಿಂದ ಮಾತ್ರವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಬಹಳ ವಯಸ್ಸಾದವರಲ್ಲಿ ಟಿಡಿಪಿ-43 ಎಂಬ ಬೇರೆಯೇ ಪ್ರೋಟೀನ್ ಅಲ್ಲಿ ಸೇರಿಕೊಂಡು ಅದೇ ಬಗೆಯ ಮರೆವನ್ನೂ ಅದೇ ಬಗೆಯ ಸವೆತವನ್ನೂ ತರುತ್ತದೆ. ತದ್ವಿರುದ್ಧವಾಗಿ, ಐವತ್ತರ ಆಸುಪಾಸಿನಲ್ಲಿ ಆಲ್ಝೈಮರ್ ಆರಂಭವಾದ ಕೆಲವರಲ್ಲಿ ಮಿದುಳಿನ ಹಿಂಭಾಗ ಮೊದಲು ಸವೆದು, ನೆನಪಿಗಿಂತ ಮುಂಚೆ ಕಣ್ಣೆದುರಿನ ವಸ್ತುವನ್ನು ಗುರುತಿಸುವ ಶಕ್ತಿ ಕೆಡುತ್ತದೆ. ಅವರ ಹಿಪೊಕ್ಯಾಂಪಸ್ ಚೆನ್ನಾಗಿಯೇ ಇರುತ್ತದೆ.

ಆಕಾರವನ್ನು ಬಿಟ್ಟು ಕೆಲಸವನ್ನು ನೋಡುವ ಸ್ಕ್ಯಾನ್ ಪೆಟ್. ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ; ಆದರೆ ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಅದೊಂದೇ ಬಳಸುತ್ತದೆ, ಅದರಲ್ಲೂ ಮುಖ್ಯವಾಗಿ ಗ್ಲೂಕೋಸ್. ಗ್ಲೂಕೋಸನ್ನು ಹೋಲುವ ಅಣುವೊಂದಕ್ಕೆ ವಿಕಿರಣಶೀಲ ಫ್ಲೋರಿನ್-18ನ್ನು ಜೋಡಿಸಿದ ಎಫ್‌ಡಿಜಿ ಎಂಬ ವಸ್ತುವನ್ನು ನರಕ್ಕೆ ಚುಚ್ಚಿದರೆ, ಹಸಿದ ಕೋಶಗಳು ಅದನ್ನು ಸಕ್ಕರೆಯೆಂದು ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅದು ಅರಗುವುದಿಲ್ಲ, ಹೊರಗೂ ಬರುವುದಿಲ್ಲ. ಅಲ್ಲಿಂದ ಹೊರಡುವ ಪಾಸಿಟ್ರಾನ್ ಎಂಬ ಕಣಗಳು ಎಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆದು, ಎದುರುಬದುರು ದಿಕ್ಕಿನಲ್ಲಿ ಹಾರುವ ಎರಡು ಗಾಮಾ ಕಿರಣಗಳಾಗುತ್ತವೆ. ತಲೆಯ ಸುತ್ತಲಿನ ಉಂಗುರ ಆ ಜೋಡಿಗಳನ್ನು ಹಿಡಿದು, ಅವು ಎಲ್ಲಿಂದ ಹೊರಟವೆಂದು ಲೆಕ್ಕ ಹಾಕುತ್ತದೆ. ಪರೀಕ್ಷೆಗೆ ಮೊದಲು ಉಪವಾಸವಿರಬೇಕು, ರಕ್ತದ ಸಕ್ಕರೆ ಹತೋಟಿಯಲ್ಲಿರಬೇಕು, ಚುಚ್ಚುಮದ್ದಿನ ನಂತರ ಮಂದ ಬೆಳಕಿನಲ್ಲಿ ಮಾತಿಲ್ಲದೆ ಕೂರಬೇಕು. ಆ ಹೊತ್ತಿನಲ್ಲಿ ಟಿ.ವಿ. ನೋಡಿದರೆ ದೃಷ್ಟಿಯ ಭಾಗ ಹೆಚ್ಚು ಸಕ್ಕರೆ ಬಳಸಿ ಚಿತ್ರದಲ್ಲಿ ಹೊಳೆಯುತ್ತದೆ.

ಆಲ್ಝೈಮರ್ ಇದ್ದವರಲ್ಲಿ ಈ ಚಿತ್ರದ ಒಂದು ವಿಶಿಷ್ಟ ವಿನ್ಯಾಸವಿದೆ. ಕಿವಿಯ ಮೇಲಿನ ಹಾಗೂ ಹಿಂದಿನ ಟೆಂಪೊರಲ್, ಪ್ಯಾರೈಟಲ್ ಹಾಲೆಗಳೂ ಎರಡು ಅರ್ಧಗೋಳಗಳ ನಡುವೆ ಹಿಂಬದಿಯಲ್ಲಿರುವ ಭಾಗವೂ ಮಸುಕಾಗಿರುತ್ತವೆ. ಕೈಕಾಲು ಆಡಿಸುವ ಪಟ್ಟಿ, ದೃಷ್ಟಿಯ ಭಾಗ, ಕಿರುಮಿದುಳು ಬಹುಕಾಲ ಬೆಳಗುತ್ತಲೇ ಇರುತ್ತವೆ. ದಾರಿ ತಪ್ಪುವ ಅತ್ತೆ ಇಂದಿಗೂ ಬೆಳಗಿನ ಹೊತ್ತು ನಡುಗದ ಕೈಯಿಂದ ಎಳೆಯುವ ರಂಗೋಲಿಯನ್ನು ನೋಡಿದರೆ ಈ ವಿನ್ಯಾಸ ಏಕೆ ಹೀಗಿದೆ ಎಂದು ಅರ್ಥವಾಗುತ್ತದೆ. ಚುಕ್ಕಿಗಳ ಎಣಿಕೆ ಮಾತ್ರ ಕೆಲವೊಮ್ಮೆ ತಪ್ಪುತ್ತದೆ. ನೆನಪು, ಬುದ್ಧಿಶಕ್ತಿ ಕುಂದುತ್ತ ಹೋಗುವ ಕಾಯಿಲೆಗಳಿಗೆಲ್ಲ ಡಿಮೆನ್ಷಿಯಾ ಎಂಬುದು ಒಟ್ಟು ಹೆಸರು, ಆಲ್ಝೈಮರ್ ಅದರಲ್ಲೊಂದು ಬಗೆ. ನಡತೆ ಕೆಡುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಮಿದುಳಿನ ಮುಂಭಾಗ ಮಸುಕು. ಇಲ್ಲದ ಮನುಷ್ಯರು ಕಾಣಿಸಿಕೊಳ್ಳುವ ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಹಿಂಭಾಗದ ದೃಷ್ಟಿಯ ಪ್ರದೇಶವೂ ಮಸುಕು. ಆಲ್ಝೈಮರೋ ಇದೋ ಎಂಬ ಗೊಂದಲವಿದ್ದಾಗ ಈ ಪರೀಕ್ಷೆ ಬಹಳ ನೆರವಾಗುತ್ತದೆ.

ಪೆಟ್ ಸ್ಕ್ಯಾನಿನ ನಿಜವಾದ ಮಿತಿ ಗಡಿಯಾರ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಂದರೆ ಅಷ್ಟು ಹೊತ್ತಿಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಅದನ್ನು ತಯಾರಿಸಲು ಪರಮಾಣು ಕಣಗಳನ್ನು ವೇಗವಾಗಿ ಓಡಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಬೇಕು. ಬೆಂಗಳೂರಿನಲ್ಲಿ ತಯಾರಾದ ಸೀಸೆಯೊಂದು ಹೆದ್ದಾರಿ ಹಿಡಿದು ರಾಮನಗರ, ಮದ್ದೂರು, ಮಂಡ್ಯ ದಾಟಿ ಸುಮಾರು 145 ಕಿಲೋಮೀಟರ್ ದೂರದ ಮೈಸೂರಿಗೆ ಬರಲು ಎರಡು ಗಂಟೆ ಹಿಡಿಯಿತೆನ್ನಿ. ಹೊರಟಾಗ ಇದ್ದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ಅದನ್ನು ಲೆಕ್ಕ ಹಾಕಿಯೇ ಹೆಚ್ಚು ತುಂಬಿಸಿ ಕಳಿಸಬೇಕು, ಬಂದ ತಕ್ಷಣ ಬಳಸಬೇಕು, ರೋಗಿ ತಡವಾಗಿ ಬಂದರೆ ಔಷಧ ಕಾಯುವುದಿಲ್ಲ. ಕಾರ್ಬನ್-11 ಇನ್ನೂ ಅಲ್ಪಾಯು. 20 ನಿಮಿಷಕ್ಕೆ ಅರ್ಧ. ಒಂದು ಗಂಟೆಗೆ ಎಂಟರಲ್ಲೊಂದು ಪಾಲು, ಎರಡು ಗಂಟೆಗೆ ಅರವತ್ತನಾಲ್ಕರಲ್ಲೊಂದು ಪಾಲು. ಅದು ಮೈಸೂರಿಗೆ ಬರುವ ಹೊತ್ತಿಗೆ ಸೀಸೆ ಹೆಚ್ಚುಕಡಿಮೆ ಬರಿದೇ. ನಮ್ಮ ಕಡೆ ಇರುವ ಪೆಟ್ ಯಂತ್ರಗಳಿಗೆ ಹೆಚ್ಚಿನ ಕೆಲಸ ಕ್ಯಾನ್ಸರ್ ರೋಗಿಗಳದು. ಅಲ್ಲಿ ಬಳಸುವುದೂ ಇದೇ ಎಫ್‌ಡಿಜಿ.

ಈ ಕಾರ್ಬನ್-11ರ ಮಾತು ಸುಮ್ಮನೆ ಬರಲಿಲ್ಲ. ಆಲ್ಝೈಮರ್ ಅವರು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ ಅಮಿಲಾಯ್ಡ್ ಜಡ್ಡನ್ನು ಬದುಕಿದ್ದವರ ತಲೆಯೊಳಗೆ ತೋರಿಸಿದ, ಇಂದು ಎಲ್ಲರೂ ಉದಾಹರಿಸುವ ಮೊದಲ ವಸ್ತು ಅದರಿಂದಲೇ ತಯಾರಾಯಿತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್, ಜಡ್ಡಿಗೆ ಬಣ್ಣ ಕಟ್ಟಲು ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಥಯೋಫ್ಲೇವಿನ್ ಎಂಬ ಬಣ್ಣವನ್ನು ಮಾರ್ಪಡಿಸಿ, ಅದು ರಕ್ತದಿಂದ ಮಿದುಳಿಗೆ ದಾಟುವಂತೆ ಮಾಡಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮೊದಲ ರೋಗಿಗೆ ಅದನ್ನು ಚುಚ್ಚಿದರು; ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸೈಕ್ಲೋಟ್ರಾನ್ ಪಕ್ಕದಲ್ಲೇ ಇಲ್ಲದ ಕಡೆಯೂ ಉಪಯೋಗವಾಗಬೇಕೆಂದು ಫ್ಲೋರಿನ್-18 ಜೋಡಿಸಿದ ಟ್ರೇಸರುಗಳು, ಅಂದರೆ ಚುಚ್ಚಿ ಜಾಡು ಹಿಡಿಯುವ ಇಂಥ ವಸ್ತುಗಳು, ಆಮೇಲೆ ಬಂದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಫ್ಲೋರ್‌ಬೆಟಾಪಿರ್‌ಗೆ, ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡಕ್ಕೆ, 2020ರಲ್ಲಿ ಟೌ ಸಿಕ್ಕನ್ನು ತೋರಿಸುವ ಫ್ಲೋರ್‌ಟೌಸಿಪಿರ್‌ಗೆ ಒಪ್ಪಿಗೆ ಕೊಟ್ಟಿತು.

ಅಮಿಲಾಯ್ಡ್ ಪೆಟ್ ಚಿತ್ರವನ್ನು ಓದುವ ಬಗೆ ಸ್ವಾರಸ್ಯವಾಗಿದೆ. ಜಡ್ಡು ಇಲ್ಲದ ಮಿದುಳಿನಲ್ಲೂ ಈ ಟ್ರೇಸರ್ ಒಳಗಿನ ಬಿಳಿ ಭಾಗಕ್ಕೆ ಸ್ವಲ್ಪ ಅಂಟಿಕೊಳ್ಳುತ್ತದೆ, ಹೊರಪದರ ಖಾಲಿ ಉಳಿಯುತ್ತದೆ. ಆದ್ದರಿಂದ ಎಲೆ ಉದುರಿದ ಮರದಂತೆ ಕೊಂಬೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜಡ್ಡು ಇದ್ದರೆ ಹೊರಪದರಕ್ಕೂ ಅದು ಅಂಟಿ, ಕೊಂಬೆಗಳ ನಡುವೆ ಎಲೆ ತುಂಬಿದಂತೆ ಗೆರೆಗಳು ಕಲೆಸಿಹೋಗುತ್ತವೆ. ಅಷ್ಟು ಸ್ಪಷ್ಟವಾದ ಪರೀಕ್ಷೆಯಿದು. ಮರೆವಿದ್ದು ಈ ಚಿತ್ರದಲ್ಲಿ ಜಡ್ಡು ಇಲ್ಲವೆಂದು ಬಂದರೆ, ಮರೆವಿಗೆ ಆಲ್ಝೈಮರ್ ಕಾರಣವಲ್ಲವೆಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 11,000ಕ್ಕೂ ಹೆಚ್ಚು ಮಂದಿಯನ್ನು ಹೀಗೆ ಪರೀಕ್ಷಿಸಿತು. ಕಾರಣ ಖಚಿತವಾಗದಿದ್ದ ಡಿಮೆನ್ಷಿಯಾ ರೋಗಿಗಳಲ್ಲಿ ಸುಮಾರು ಶೇ. 70 ಮಂದಿಯಲ್ಲಿ ಮಾತ್ರ ಜಡ್ಡು ಕಂಡಿತು.

ಜಡ್ಡು ಇದೆ ಎಂದು ಬಂದಾಗ ಮಾತು ಅಷ್ಟು ಸರಳವಲ್ಲ, ಮತ್ತು ಈ ಇಡೀ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲಿಯೇ. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೆನಪು ಬುದ್ಧಿ ಎಲ್ಲ ಸರಿಯಿದ್ದವರಲ್ಲೇ 50ರ ವಯಸ್ಸಿನಲ್ಲಿ ಶೇ. 10 ಮಂದಿಗೆ, 90ರ ವಯಸ್ಸಿನಲ್ಲಿ ಶೇ. 44 ಮಂದಿಗೆ ಅಮಿಲಾಯ್ಡ್ ಇತ್ತು. ಆನುವಂಶಿಕವಾಗಿ ಚಿಕ್ಕ ವಯಸ್ಸಿನಲ್ಲೇ ಆಲ್ಝೈಮರ್ ಬರುವ ಅಪರೂಪದ ಕುಟುಂಬಗಳನ್ನು ಪರೀಕ್ಷಿಸಿದಾಗ, ಮರೆವು ಆರಂಭವಾಗುವ ಸುಮಾರು 15 ವರ್ಷ ಮೊದಲೇ ಪೆಟ್ ಚಿತ್ರದಲ್ಲಿ ಜಡ್ಡು ಕಾಣತೊಡಗುತ್ತದೆಂದು 2012ರಲ್ಲಿ ವರದಿಯಾಯಿತು. ಮೊದಲು ಅಮಿಲಾಯ್ಡ್, ಆಮೇಲೆ ಟೌ ಹರಡುವಿಕೆ, ಸಕ್ಕರೆಯ ಬಳಕೆಯ ಇಳಿಕೆ, ಹಿಪೊಕ್ಯಾಂಪಸ್ಸಿನ ಸವೆತ, ಕಡೆಗೆ ಮನೆಯವರ ಕಣ್ಣಿಗೆ ಬೀಳುವ ಮರೆವು ಎಂಬುದು ಇಂದು ಹೆಚ್ಚು ಒಪ್ಪಿತವಾಗಿರುವ ಸರದಿ. ಸರದಿಯ ಮೊದಲ ಮೆಟ್ಟಿಲಲ್ಲಿರುವ ಎಲ್ಲರೂ ಕೊನೆಯ ಮೆಟ್ಟಿಲು ತಲುಪುವುದಿಲ್ಲ. ಕೆಲವರು ಅದಕ್ಕೆ ಮೊದಲೇ ಬೇರೆ ಕಾರಣದಿಂದ ತೀರಿಕೊಳ್ಳುತ್ತಾರೆ, ಕೆಲವರ ಮಿದುಳು ತಡೆದುಕೊಳ್ಳುತ್ತದೆ. ಮರೆವೇ ಇಲ್ಲದವರು ಕುತೂಹಲಕ್ಕಾಗಿ ಈ ಸ್ಕ್ಯಾನ್ ಮಾಡಿಸಿಕೊಳ್ಳುವುದು ಸಲ್ಲದೆಂದು ತಜ್ಞರು ಹೇಳುವುದು ಈ ಕಾರಣಕ್ಕೆ. ಕೈಗೆ ಸಿಗುವುದು ಒಂದು ಚಿಂತೆ ಮಾತ್ರ. ಟೌ ಚಿತ್ರ ರೋಗಲಕ್ಷಣಗಳಿಗೆ ಹೆಚ್ಚು ಹತ್ತಿರ: ಅದು ಹರಡಿದ ಜಾಗಕ್ಕೂ ಕೆಟ್ಟಿರುವ ಸಾಮರ್ಥ್ಯಕ್ಕೂ ಹೊಂದಾಣಿಕೆ ಎದ್ದು ಕಾಣುತ್ತದೆ.

ಮಿದುಳು ತಡೆದುಕೊಳ್ಳುತ್ತದೆ ಎಂಬ ಮಾತಿಗೆ ನಮ್ಮ ಪಕ್ಕದ ರಾಜ್ಯದಿಂದಲೇ ಸಾಕ್ಷ್ಯವಿದೆ. ಹೈದರಾಬಾದಿನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ನೆರೆಯವರೊಂದಿಗೆ ತಮಿಳು ಆಡುತ್ತ ಬಾಳುವ ಮೈಸೂರಿನ ಮಂಡಿ ಮೊಹಲ್ಲಾದ ಅಜ್ಜಿಯೊಬ್ಬರ ಸ್ಕ್ಯಾನೂ ನಮ್ಮ ಅತ್ತೆಯ ಸ್ಕ್ಯಾನೂ ಒಂದೇ ರೀತಿ ಕಂಡರೂ, ಇಬ್ಬರ ದಿನಚರಿ ಒಂದೇ ರೀತಿ ಇರಲಾರದು.

ಅದರಿಂದಾಗಿ ಚಿತ್ರದ ಪಕ್ಕದಲ್ಲಿ ಯಾವಾಗಲೂ ಮಾತಿನ ಪರೀಕ್ಷೆ ಇರಬೇಕಾಗುತ್ತದೆ. ಅದರಲ್ಲೂ ತೊಡಕಿದೆ. ‘ಇದು ಯಾವ ತಿಂಗಳಮ್ಮ?’ ಎಂದು ಮೈಸೂರಿನಲ್ಲಿ ಯುವ ವೈದ್ಯರೊಬ್ಬರು ಕೇಳಿದಾಗ ಅತ್ತೆ ‘ಕಾರ್ತೀಕ ಕಣಪ್ಪ, ಭತ್ತ ತೆನೆಗಟ್ಟೈತೆ’ ಎಂದರು. ನವೆಂಬರ್ ಎಂಬ ಉತ್ತರ ನಿರೀಕ್ಷಿಸಿದ್ದ ಕಾಗದದಲ್ಲಿ ಅದಕ್ಕೆ ಸೊನ್ನೆ ಬೀಳುವುದರಲ್ಲಿತ್ತು. ಪಕ್ಕದಲ್ಲಿದ್ದ ಹಿರಿಯ ವೈದ್ಯರು ತಿದ್ದಿದರು. ಶಾಲೆಗೆ ಹೋಗದವರಿಗೆ ಹೊಂದುವ ಪ್ರಶ್ನೆಗಳು ಬೇಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಮಾತಿನಲ್ಲೇ ತಡವರಿಕೆ ಆರಂಭವಾದವರ ತಪಾಸಣೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇರುವುದು ಒಂದು ಅನುಕೂಲ. ಇನ್ನು ವಯಸ್ಸಿನ ವಿಚಾರ: ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟ ದಾಖಲೆಗಳು ಉಳಿದಿವೆ. ಹಾಗೆ ಹುಟ್ಟಿದವರನ್ನು ಮುಪ್ಪಿನಲ್ಲಿ ಹುಡುಕಿ ಅವರ ನೆನಪು, ಬುದ್ಧಿಶಕ್ತಿಗಳನ್ನು ಪರೀಕ್ಷಿಸಿದ ಅಧ್ಯಯನ ಈ ಊರಿನಲ್ಲೇ ನಡೆದಿದೆ. ಜನವರಿ 1ರಂದು ಹುಟ್ಟದ ಹಿರಿಯರು ಸಂಶೋಧಕರಿಗೆ ಎಷ್ಟು ಬೆಲೆಬಾಳುವವರು ಎಂದು ಆಗ ನನಗೆ ಹೊಳೆಯಿತು.

ಚಿತ್ರಣಕ್ಕೆ ಇತ್ತೀಚೆಗೆ ಇನ್ನೊಂದು ಕೆಲಸವೂ ಬಂದಿದೆ. ಅಮಿಲಾಯ್ಡನ್ನು ಮಿದುಳಿನಿಂದ ತೆಗೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಲೆಕಾನೆಮಾಬಿನ 18 ತಿಂಗಳ ಪ್ರಯೋಗದಲ್ಲಿ ಇಳಿಮುಖದ ವೇಗ ಶೇ. 27ರಷ್ಟು ತಗ್ಗಿತ್ತು, ಅದೂ ಆರಂಭದ ಹಂತದವರಲ್ಲಿ. ಕೊಡುವ ಮೊದಲು ಜಡ್ಡು ಇದೆಯೆಂಬ ಖಾತ್ರಿ ಬೇಕು; ಕೊಡುತ್ತಿರುವಾಗ ಮಿದುಳಿನಲ್ಲಿ ಊತವಾಗಲಿ ಸಣ್ಣ ರಕ್ತಸ್ರಾವವಾಗಲಿ ಆಗಿಲ್ಲವೆಂದು ಮತ್ತೆ ಮತ್ತೆ ಎಂಆರ್‌ಐ ಮಾಡಿ ನೋಡಬೇಕು. ಖಾತ್ರಿಯ ಕೆಲಸವನ್ನು ಪೆಟ್ ಬದಲು ರಕ್ತಪರೀಕ್ಷೆಯೇ ಮಾಡುವ ದಿನಗಳೂ ಹತ್ತಿರವಾಗಿವೆ: ಪಿ-ಟೌ217 ಎಂಬ ರೂಪದ ಟೌ ಮತ್ತು ಅಮಿಲಾಯ್ಡ್‌ಗಳ ಅನುಪಾತ ಅಳೆಯುವ ರಕ್ತಪರೀಕ್ಷೆಗೆ, ಮರೆವಿನ ಲಕ್ಷಣಗಳಿರುವವರಿಗಾಗಿ, 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತದ ಸೀಸೆಗೆ ಹೆದ್ದಾರಿಯಲ್ಲಿ ಅರ್ಧಾಯುಷ್ಯದ ಭಯವಿಲ್ಲ. 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಅಷ್ಟು ಜನರನ್ನು ಪೆಟ್ ಉಂಗುರದೊಳಗೆ ಮಲಗಿಸುವುದು ಯಾವ ಲೆಕ್ಕದಲ್ಲೂ ಆಗುವ ಕೆಲಸವಲ್ಲ.

ಅತ್ತೆಯ ವಿಷಯದಲ್ಲಿ ಪೆಟ್ ಬೇಕಾಗಲಿಲ್ಲ. ನರರೋಗ ತಜ್ಞರು ಮೂರು ಸಾಲಿನ ವರದಿಯನ್ನು ಬದಿಗಿಟ್ಟು, ‘ಇವರದು ಹಳೆಯ ಸ್ಕ್ಯಾನ್ ಏನಾದರೂ ಇದೆಯೇ?’ ಎಂದು ಕೇಳಿದರು. ಆರೋಗ್ಯವಂತ ವೃದ್ಧರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಶೇ. 1ರ ಆಸುಪಾಸಿನಲ್ಲಿ ಕುಗ್ಗಿದರೆ, ಆಲ್ಝೈಮರ್ ಇದ್ದವರಲ್ಲಿ ಅದರ ಮೂರು ನಾಲ್ಕು ಪಟ್ಟು ವೇಗದಲ್ಲಿ ಕುಗ್ಗುತ್ತದೆ. ಬೇರೆಯವರ ಸರಾಸರಿಯೊಂದಿಗೆ ಹೋಲಿಸುವುದಕ್ಕಿಂತ ಅದೇ ಮನುಷ್ಯರ ಹಿಂದಿನ ಚಿತ್ರದೊಂದಿಗೆ ಹೋಲಿಸಿದರೆ ವಯಸ್ಸು 74 ಇರಬಹುದೋ 77 ಇರಬಹುದೋ ಎಂಬ ಜಗಳವೇ ಇರುವುದಿಲ್ಲ. ಆರು ವರ್ಷದ ಹಿಂದೆ ಬಚ್ಚಲಿನಲ್ಲಿ ಬಿದ್ದಾಗ ಮಾಡಿಸಿದ್ದ ಸಿ.ಟಿ. ಮಾವನಿಗೆ ನೆನಪಾಯಿತು. ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ, ಮಡಿಕೆ ಬೀಳಬಾರದೆಂದು ಅತ್ತೆ ತಾವೇ ಹಾಸಿಟ್ಟಿದ್ದ ಫಿಲ್ಮು ಸಿಕ್ಕಿತು. ಮುಂದಿನ ವಾರ ವೈದ್ಯರು ಅದನ್ನೂ ಮಂಡ್ಯದ ಸಿ.ಟಿ.ಯನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಸಿಕ್ಕಿಸಿದರು. ಹಳೆಯದರಲ್ಲಿ ಹಿಪೊಕ್ಯಾಂಪಸ್ಸಿನ ಪಕ್ಕದ ಕುಹರದ ಕೊಂಬು ತೆಳುವಾದ ಗೆರೆಯಂತಿತ್ತು. ಹೊಸದರಲ್ಲಿ ಅಲ್ಲಿ ನನ್ನ ಕಿರುಬೆರಳಿನ ಉಗುರಿನಷ್ಟು ಅಗಲದ ಕಪ್ಪು ಜಾಗವಿತ್ತು, ಮತ್ತು ಅದನ್ನು ಕಾಣಲು ಯಾರೂ ನನಗೆ ಬೆರಳು ತೋರಿಸಬೇಕಾಗಲಿಲ್ಲ.